ವಾಗ್ದಾನದ ಪೆಟ್ಟಿಗೆಯಲ್ಲಿ ಏಳು ಚೀಟಿ

ಜನವರಿ 5

ದೊಡ್ಡಮ್ಮ,

ಬಂದು ತಲುಪಿದೆ. ಬಸ್ಸಿನಲ್ಲಿ ಸೀಟು ಸಿಕ್ತು, ಟ್ರಂಕಿನ ಬೀಗ ಸಿಗಲಿಲ್ಲ. ನಿಮ್ಮ ಬುಕ್ ಬೈಂಡಿಂಗ್ ಕೋಣೆಯ ಕಟಿಂಗ್ ಮಷಿನ್ ಪಕ್ಕದ ಗೂಡಿನಲ್ಲೇ ಬಿಟ್ಟಿರಬೇಕು. ಇಲ್ಲಿ ಫಸ್ಟ್ ಇಯರ್‌ನವರ ಫೋನೆಲ್ಲ ವಾರ್ಡನ್ ಬೀರುವಿನಲ್ಲಿ. ಕೈಯಲ್ಲಿದ್ದರೂ ಏನು, ಫೋನಿನಲ್ಲಿ ನಿಮಗೆ ಕಿವಿ ಕೇಳಲ್ಲ, ನಾನು ಕಿರುಚಿದರೆ ಇಡೀ ಹಾಸ್ಟೆಲ್‌ಗೆ ಕೇಳುತ್ತೆ. ಅಮ್ಮ ತೀರಿಹೋದ ವರ್ಷದಿಂದ, ಅಂದ್ರೆ ಆರನೇ ವಯಸ್ಸಿನಿಂದ, ಹಾಸ್ಟೆಲ್‌ಗಳಿಂದ ನಿಮಗೆ ಕಾಗದ ಬರೀತಾನೇ ಇದ್ದೀನಿ. ನರ್ಸಿಂಗ್‌ಗೆ ಸೇರಿದ್ರೂ ಅದೇ ಹಣೆಬರಹ.

ಇವತ್ತು ಬೆಡ್ ಮೇಕಿಂಗ್. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹಾಸಿದೆ. ಟ್ಯೂಟರ್ ಬಂದು, "ಇದು ಹಾಸಿಗೆಯಾ, ಮೂಟೆಯಾ?" ಅಂದ್ರು. ಪಕ್ಕದವಳ ಹಾಸಿಗೆಯ ಮೂಲೆ ಲಕೋಟೆ ಮಡಚಿದ ಹಾಗಿತ್ತು. ನನ್ನ ನಾಡಿ ನಾನೇ ಎಣಿಸಿಕೊಂಡೆ, ನೂರಾ ಹತ್ತು.

ಇರಲಿ. ಮೊನ್ನೆ ವರ್ಷದ ಮೊದಲ ಭಾನುವಾರ ಆರಾಧನೆ ಹೇಗಾಯ್ತು? ಎಲ್ಲರೂ ಕಣ್ಣು ಮುಚ್ಚಿ ವರ್ಷಕ್ಕೊಂದು ಬೈಬಲ್ ವಚನದ ಚೀಟಿ ತೆಗೆಯೋ ವಾಗ್ದಾನದ ಪೆಟ್ಟಿಗೆ ಸುತ್ತು ಬಂತಾ? ನಾನು ಬರೆದ ನೂರನಲವತ್ತು ಚೀಟಿಯೂ ಖಾಲಿ ಆಯ್ತಾ? ಯಾರ್ಯಾರಿಗೆ ಯಾವ ವಚನ ಬಂತು? ಸುಮ್ಮನೆ ಕೇಳ್ತಿದ್ದೀನಿ. ಮೂವತ್ತು ವರ್ಷ ನೀವೇ ಬರೆದದ್ದು, ಈ ಸಲ ಕೈಗೆ ಬ್ಲೇಡ್ ತಾಗಿತು ಅಂತ ನನ್ನ ಕೈಲಿ ಬರೆಸಿದ್ರಿ, ಅದಕ್ಕೇ ಕುತೂಹಲ, ಅಷ್ಟೇ.

ಆ ಬೆರಳು ಹೇಗಿದೆ? ಡ್ರೆಸ್ಸಿಂಗ್‌ಗೆ ದಿನ ಬಿಟ್ಟು ದಿನ ಹೋಗ್ತಿದ್ದೀರಿ ತಾನೆ? ಸಕ್ಕರೆ ಕಾಯಿಲೆ ಇರೋರಿಗೆ ಗಾಯ ಬೇಗ ಮಾಯಲ್ಲ ಅಂತ ಕ್ಲಾಸಿನಲ್ಲಿ ಹೇಳಿದ್ರು.

ಇನ್ನೊಂದು. ಗೇಟಕ್ಕನ ವಿಷಯ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಹನ್ನೆರಡು ವರ್ಷ ನಮ್ಮ ಸಭೆಯ ನೆಲ ಗುಡಿಸಿದವರು. ನಾವೆಲ್ಲ ಒಳಗೆ ಹಾಡೋ ಹೊತ್ತಿಗೆ ಗೇಟಿನಲ್ಲಿ ನಮ್ಮ ಗಾಡಿ ಕಾದವರು. "ತಿಂಗಳಿಗೊಂದು ಭಾನುವಾರ ನಾನೂ ಒಳಗೆ ಕೂತು ಪಾದ್ರಿಗಳ ಪ್ರಸಂಗ ಕೇಳ್ತೀನಿ" ಅಂದ್ರು. ಅದಕ್ಕೆ ಕೆಲಸದಿಂದ ತೆಗೆದ್ರಲ್ಲ! ಅದೂ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ! ಮೂರು ಮಹಡಿ ಮನೆ ಕಟ್ಟಿಸಿರೋ ನಮ್ಮ ಮಹಡಿ ಮಾವ ಕಮಿಟಿಗೆ ಅಧ್ಯಕ್ಷರು, ಅವರು ಹೇಳಿದ್ದೇ ವೇದ. ನೀವೂ ಆ ಕಮಿಟಿಯಲ್ಲಿ ಇದ್ದೀರಿ. ನೀವೊಬ್ಬರಾದರೂ ಎದುರು ಮಾತಾಡಿರ್ತೀರಿ ಅಂತ ನನಗೆ ಗೊತ್ತು. ಆ ಒಂದು ಧೈರ್ಯ ನನಗೆ.

ನಿಮ್ಮ ಗುಬ್ಬಿ


ಜನವರಿ 12

ಗುಬ್ಬಿ,

ದೇವರ ದಯೆಯಿಂದ ಎಲ್ಲ ಸುಖ. ನಿನ್ನ ಬೀಗ ಸಿಕ್ಕಿತು, ಗೋಂದಿನ ಡಬ್ಬಿಯೊಳಗೆ. ಅಲ್ಲಿಗೆ ಹೇಗೆ ಹೋಯಿತು ಅಂತ ನಾನು ಕೇಳುವುದಿಲ್ಲ. ಅಂಚೆಯಲ್ಲಿ ಕಳಿಸಿದ್ದೇನೆ. ಪೆನ್ನನ್ನು ಮೂರು ಬೆರಳಲ್ಲಿ ಹಿಡಿದು ಬರೆಯುತ್ತಿದ್ದೇನೆ, ಸಾಲು ಸೊಟ್ಟ ಇದ್ದರೆ ನಗಬೇಡ.

ಆರಾಧನೆ ಚೆನ್ನಾಗಿ ಆಯಿತು. ನಿನ್ನ ಅಕ್ಷರ ಮುತ್ತಿನ ಹಾಗಿದೆ ಅಂತ ಎಲ್ಲರೂ ಹೊಗಳಿದರು. ಪೆಟ್ಟಿಗೆ ಮೊದಲು ಹೋಗುವುದು ಮಹಡಿ ಮಾವನ ಮುಂದೆ, ನಿನಗೆ ಗೊತ್ತಲ್ಲ. ಬಿಚ್ಚಿದರು, ಕನ್ನಡಕ ಏರಿಸಿದರು, ಗಟ್ಟಿಯಾಗಿ ಓದಿದರು. ಕೆತ್ತಿದ ಕಲ್ಲಿನ ಮನೆ ಕಟ್ಟಿಸಿದ್ದೀರಿ, ಅದರಲ್ಲಿ ವಾಸ ಮಾಡುವುದಿಲ್ಲ, ಅಂತ ಇತ್ತು. ಎಲ್ಲರೂ ಅವರ ಕಡೆಗೇ ತಿರುಗಿದರು. ಆಮೇಲೆ ಅವರು ನಕ್ಕರು ನೋಡು! "ನೋಡಿದ್ರಾ, ಮೇಲಿನ ಮಹಡಿ ಬಾಡಿಗೆಗೆ ಕೊಡಲೋ ಬೇಡವೋ ಅಂತ ಆರು ತಿಂಗಳಿಂದ ಪ್ರಾರ್ಥನೆ ಮಾಡ್ತಿದ್ದೆ. ಉತ್ತರ ಬಂತು!" ಎಲ್ಲರೂ "ಆಮೆನ್" ಅಂದರು.

ಚಪ್ಪಲಿ ಅಂಗಡಿಯವರಿಗೆ, ಬಡವನನ್ನು ಒಂದು ಜೋಡಿ ಕೆರಕ್ಕೆ ಮಾರಿದರು, ಅಂತ ಬಂತು. ಅವರು ಹೆಂಡತಿಗೆ, "ಕೆರ ಅಂತ ಬಂದಿದೆ ಕಣೇ, ಈ ವರ್ಷ ವ್ಯಾಪಾರ ಜೋರು" ಅಂದರು. ಹಾಡಿಸುವ ಮೇಷ್ಟ್ರು ತಮ್ಮ ಚೀಟಿ ಓದಿ, ಕೀಬೋರ್ಡ್ ನುಡಿಸುವವನ ಜೇಬಿಗೆ ತುರುಕಿದರು. "ನಿನ್ನ ಗದ್ದಲ ತನಗೆ ಬೇಡ ಅಂತ ದೇವರೇ ಹೇಳಿದ್ದಾನೆ. ನಾನು ಹೇಳಿದ್ರೆ ಕೇಳಿದ್ಯಾ? ಇನ್ನು ಮೇಲೆ ಸೌಂಡ್ ಕಮ್ಮಿ ಇಡು."

ಹೀಗಾಯಿತು. ನನಗೆ ಬಂದದ್ದು ನನಗೆ ಬಂತು.

ಕೈ ಇದ್ದ ಹಾಗೇ ಇದೆ. ಕಮಿಟಿಯ ಮಾತು ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಓದುವ ಕಡೆ ಗಮನ ಕೊಡು. ಹಾಸಿಗೆಯ ಮೂಲೆ ಮಡಚುವುದು ರಟ್ಟಿಗೆ ಬಟ್ಟೆ ಅಂಟಿಸಿದ ಹಾಗೆಯೇ, ಮೊದಲು ಎಳೆದುಕೋ, ಆಮೇಲೆ ಮಡಚು. ಹೆದರಿಕೊಂಡು ಮಡಚಿದರೆ ಸುಕ್ಕು ಬೀಳುತ್ತದೆ.

ದೊಡ್ಡಮ್ಮ


ಜನವರಿ 19

ದೊಡ್ಡಮ್ಮ,

ನಕ್ಕರಾ? ಆಮೆನ್ ಅಂದ್ರಾ?

ನಿಮ್ಮ ಕಾಗದ ಮೂರು ಸಲ ಓದಿದೆ. ಊಟದ ಹಾಲ್‌ನಲ್ಲಿ ಕೂತು ಓದ್ತಾ ಇದ್ದೆ, ರೂಮ್‌ಮೇಟ್, "ಯಾರಾದ್ರೂ ಹೋಗಿಬಿಟ್ರಾ?" ಅಂತ ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಮನೆಯಲ್ಲಿ ವಾಸ ಮಾಡಲ್ಲ ಅಂದ್ರೆ ಬಾಡಿಗೆಗೆ ಕೊಡು ಅಂತ ಅರ್ಥನಾ? ಆ ವಚನ ಹೇಳಿದ ಪ್ರವಾದಿ ಕುರಿ ಕಾಯೋದು ಬಿಟ್ಟು ಅಷ್ಟು ದೂರ ನಡೆದು ಬಂದು ಗಂಟಲು ಹರಿದುಕೊಂಡದ್ದು ಮಹಡಿ ಮಾವನ ಬಾಡಿಗೆ ವ್ಯವಹಾರಕ್ಕಾ? ಬಡವರನ್ನ ಬಾಗಿಲಲ್ಲಿ ತಳ್ಳಿ ಒಳಗೆ ಹಾಡ್ತೀರಲ್ಲ, ನಿಮ್ಮ ಹಾಡು ನನಗೆ ಬೇಡ ಅಂತ ದೇವರು ಅಂದ್ರೆ, ಅದು ವಾಲ್ಯೂಮ್ ವಿಷಯನಾ? ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳೋ ಹಾಗಾಗ್ತಿದೆ.

ನಮ್ಮ ಜನಕ್ಕೆ ಏನಾಗಿದೆ ಅಂದ್ರೆ, ಬೈಬಲ್‌ನಲ್ಲಿ "ನೀನು" ಅಂತ ಬಂದು ಜೊತೆಗೆ ಆಶೀರ್ವಾದ ಇದ್ರೆ ಅದು ನಾನು. "ನೀನು" ಅಂತ ಬಂದು ಶಿಕ್ಷೆ ಇದ್ರೆ ಅದು ಪಕ್ಕದ ಮನೆಯವನು, ಇಲ್ಲಾಂದ್ರೆ ಮೂರು ಸಾವಿರ ವರ್ಷದ ಹಿಂದಿನವರು. ಡಿಸೆಂಬರ್‌ನಲ್ಲಿ ನೀವು ಕೊಟ್ಟ ಪಟ್ಟಿ ನೋಡಿ ಬರೀತಾ ಇದ್ದಾಗಲೇ ನನಗೆ ಇದು ಹೊಳೆದದ್ದು. ಬೇಜಾರಾದಾಗ ಒಂದೊಂದು ವಚನದ ಹಿಂದೆ ಮುಂದೆ ತೆಗೆದು ಓದ್ತಿದ್ದೆ. ಸಿಹಿಯಾದ ಒಂದು ಸಾಲು, ಅದರ ಮೇಲೂ ಕೆಳಗೂ ಬೆಂಕಿ. ನಾವು ಸಿಹಿ ಮಾತ್ರ ಕತ್ತರಿಸಿ ಸುರುಳಿ ಸುತ್ತಿ ದಾರ ಕಟ್ಟಿದ್ವಿ. ಮೂವತ್ತು ವರ್ಷ, ದೊಡ್ಡಮ್ಮ! ದೇವರನ್ನ ನಿಮ್ಮ ಕಟಿಂಗ್ ಮಷಿನ್ನಿಗೆ ಇಟ್ಟ ಹಾಗಾಯ್ತು. ಬಯ್ಯಬೇಡಿ, ಸಿಟ್ಟಿನಲ್ಲಿ ಬರೀತಿದ್ದೀನಿ.

ಬೇರೆ ಯಾರಿಗೆ ಏನು ಬಂತು? ಅಂಥದ್ದೇ, ಸ್ವಲ್ಪ ಬೇರೆ ಥರದ್ದು, ಇನ್ನೂ ಯಾರಿಗಾದ್ರೂ ಬಂತಾ? ನೆನಪು ಮಾಡಿಕೊಂಡು ಬರೀರಿ, ಪ್ಲೀಸ್. ನಿಮಗೆ ಏನು ಬಂತು ಅಂತ ಬರೆದೇ ಇಲ್ಲ.

ಗೇಟಕ್ಕನ ವಿಷಯಕ್ಕೂ ಉತ್ತರ ಇಲ್ಲ. ನೀವು ಎದುರು ಮಾತಾಡಿದ್ದಕ್ಕೆ ಕಮಿಟಿಯವರು ನಿಮಗೆ ಏನಾದ್ರೂ ಅಂದ್ರಾ? ಅದಕ್ಕೇ ಬರೆಯೋಕೆ ಹಿಂಜರಿಕೆನಾ? ಅಂದಿದ್ರೆ ಅನ್ನಲಿ ಬಿಡಿ. ನನಗೆ ನಿಮ್ಮ ಮೇಲೆ ಹೆಮ್ಮೆ.

ಗುಬ್ಬಿ


ಫೆಬ್ರವರಿ 2

ಗುಬ್ಬಿ,

ಕೆಲಸ ಜಾಸ್ತಿ. ಯಾವುದೋ ಶಾಲೆಯ ನಾನೂರು ಹಾಜರಿ ಪುಸ್ತಕ ಬಂದಿವೆ, ಹೊಲಿಯುವವಳು ನಾನೊಬ್ಬಳು. ಎಡಗೈಯಲ್ಲಿ ಬರೆಯುವುದು ಅಭ್ಯಾಸ ಮಾಡುತ್ತಿದ್ದೇನೆ, ಅದಕ್ಕೇ ಹೀಗಿದೆ. ಹಿಟ್ಟಿನ ಅಂಟು ಹುಳಿ ಬಂದಿದೆಯೋ ಏನೋ, ಎಷ್ಟು ತೊಳೆದರೂ ಕೈಯಿಂದ ವಾಸನೆ ಹೋಗುವುದಿಲ್ಲ.

ಯಾರಿಗೆ ಏನು ಬಂತು ಅಂತ ನಾನು ಪಟ್ಟಿ ಇಟ್ಟಿಲ್ಲ. ಇಬ್ಬರು ಓದದೆ ಪರ್ಸಿಗೆ ಹಾಕಿಕೊಂಡರು. ಒಂದಷ್ಟು ಪೆಟ್ಟಿಗೆಯಲ್ಲೇ ಉಳಿದವು. ಬರಬೇಕಾದವರಿಗೆ ಬಂತು, ಬಿಡು.

ನನ್ನ ಮೇಲೆ ಹೆಮ್ಮೆ ಗಿಮ್ಮೆ ಇಟ್ಟುಕೊಳ್ಳಬೇಡ. ಸ್ವೆಟರ್ ಹಾಕಿಕೋ.

ದೊಡ್ಡಮ್ಮ


ಫೆಬ್ರವರಿ 7

ದೊಡ್ಡಮ್ಮ,

ಇದನ್ನ ಎಲ್ಲಾ ಕೆಲಸ ಬಿಟ್ಟು ಓದು. ನೀವು ಗೀವು ಅನ್ನೋಕೆ ಈಗ ನನಗೆ ಪುರುಸೊತ್ತಿಲ್ಲ.

"ದೇವರ ದಯೆಯಿಂದ ಎಲ್ಲ ಸುಖ" ಅಂತ ಇಲ್ಲದೆ ನಿನ್ನ ಕಾಗದ ನಾನು ಈವರೆಗೆ ನೋಡಿಲ್ಲ. ಹನ್ನೆರಡು ವರ್ಷದಲ್ಲಿ ಒಂದನ್ನೂ. ಈ ಸಲ ಆ ಸಾಲಿಲ್ಲ. ಅದು ಮೊದಲನೇದು.

ಎರಡನೇದು ವಾಸನೆ. ಈ ವಾರ ನಮ್ಮನ್ನ ಸರ್ಜಿಕಲ್ ವಾರ್ಡಿಗೆ ಕರೆದುಕೊಂಡು ಹೋದರು. ಸುಮ್ಮನೆ ಟ್ರೇ ಹಿಡಿದು ನಿಲ್ಲೋ ಕೆಲಸ. ಒಬ್ಬರು ಬಡಗಿ, ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳು. ಬ್ಯಾಂಡೇಜ್ ಬಿಚ್ಚುವ ಮುಂಚೆಯೇ ವಾಸನೆ ಬಂತು. "ಮೊದಮೊದಲು ಮರದ ಗೋಂದು ಅಂದುಕೊಂಡೆ ತಾಯಿ" ಅಂದರು ಅವರು. ನನ್ನ ಕೈಯಲ್ಲಿದ್ದ ಟ್ರೇ ಕೆಳಗೆ ಬಿತ್ತು. ಕತ್ತರಿ, ಇಕ್ಕಳ, ಎಲ್ಲ. ಟ್ಯೂಟರ್ ಬೈದದ್ದು ನನಗೆ ಕೇಳಿಸಲೇ ಇಲ್ಲ. ಹಿಟ್ಟಿನ ಅಂಟು ಹುಳಿ ಬಂದರೆ ನೀನು ಸುರಿದು ಹೊಸದು ಕುದಿಸ್ತೀಯ. ನನಗೆ ಗೊತ್ತು. ಅದು ಅಂಟಿನ ವಾಸನೆ ಅಲ್ಲ.

ನೀನು ಡ್ರೆಸ್ಸಿಂಗ್‌ಗೆ ಹೋಗ್ತಾ ಇಲ್ಲ. ಯಾವತ್ತಿನಿಂದ? ಮೊದಲ ಭಾನುವಾರದಿಂದ ಅಲ್ವಾ?

ಈಗ ನಾನು ಹೇಳಬೇಕಾದದ್ದು. ಆ ಚೀಟಿಗಳು ನಾನು ಬೇಕು ಅಂತಲೇ ಬರೆದದ್ದು. ನಿನ್ನ ಪಟ್ಟಿಯಿಂದ ಏಳು ವಚನ ತೆಗೆದು, ಶಿಕ್ಷೆಯ ವಚನ ಏಳು ಹಾಕಿದೆ. ಗೇಟಕ್ಕನನ್ನ ಕಳಿಸಿ ಮಾರನೇ ವಾರವೇ ಅದೇ ಜನ ಕೂತು ಸಿಹಿಸಿಹಿ ವಾಗ್ದಾನ ತೆಗೆಯೋದು ನೆನೆಸಿಕೊಂಡರೆ ನನಗೆ ಹೊಟ್ಟೆ ಉರೀತಿತ್ತು. ಮಹಡಿ ಮಾವನಿಗೆ ಬರಲಿ, ಅವರ ಕಮಿಟಿಗೆ ಬರಲಿ, ಒಂದು ಸಲವಾದರೂ ಮುಖದ ಬಣ್ಣ ಇಳಿಯಲಿ ಅಂತ. ಕಣ್ಣು ಮುಚ್ಚಿ ತೆಗೆಯೋ ಚೀಟಿ ಯಾರ ಕೈಗೆ ಹೋಗುತ್ತೆ ಅಂತ ಯೋಚನೆಯನ್ನೇ ಮಾಡಲಿಲ್ಲ. ನೋಡು, ನನ್ನ ಬುದ್ಧಿ! ಅದರಲ್ಲಿ, ತನ್ನ ಜನಕ್ಕಾಗಿ ಅತ್ತನಲ್ಲ, ಆ ಅಳುವ ಪ್ರವಾದಿಯದು ಒಂದಿತ್ತು. ನಿನ್ನ ಗಾಯಕ್ಕೆ ಮದ್ದಿಲ್ಲ, ಅಂತ.

ಅದು ನಿನಗೆ ಬಂತಾ?

ಬಂದಿದ್ದರೆ, ಅದು ದೇವರು ಬರೆದದ್ದಲ್ಲ. ನಾನು ಬರೆದದ್ದು, ನಿನ್ನ ಮೇಜಿನ ಮೇಲೆ, ನಿನ್ನ ಪೆನ್ನಿನಲ್ಲಿ, ಕಾಲು ಅಲ್ಲಾಡಿಸಿಕೊಂಡು. ನಾಳೆನೇ ಆಸ್ಪತ್ರೆಗೆ ಹೋಗು. ನಾಳೆ ಅಂದರೆ ಈ ಕಾಗದ ಕೈಗೆ ಸಿಕ್ಕ ದಿನವೇ.

ಗುಬ್ಬಿ


ಫೆಬ್ರವರಿ 13

ದೊಡ್ಡಮ್ಮ, ಉತ್ತರ ಇಲ್ಲ. ವಾರ್ಡನ್ ಕಾಲು ಹಿಡಿದು ನಿನ್ನ ಮನೆ ಕೆಳಗಿನ ಸ್ಟೇಷನರಿ ಅಂಗಡಿಗೆ ಫೋನ್ ಮಾಡಿಸಿದೆ. ಅವರು, "ನಿಮ್ಮ ದೊಡ್ಡಮ್ಮ ಚೆನ್ನಾಗಿದ್ದಾರೆ, ಮೇಲೆ ಮಷಿನ್ ಸದ್ದು ಕೇಳ್ತಿದೆ" ಅಂದ್ರು. ಕೈ ನೋಡಿದ್ರಾ ಅಂದ್ರೆ, "ಟವೆಲ್ ಸುತ್ತಿಕೊಂಡಿರ್ತಾರೆ" ಅಂದ್ರು. ಊರಿಗೆ ಹೋಗೋಕೆ ಔಟ್‌ಪಾಸ್ ಕೇಳಿದೆ. "ಫಸ್ಟ್ ಇಯರ್‌ಗೆ ತಂದೆ ತಾಯಿಗೆ ಸೀರಿಯಸ್ ಇದ್ರೆ ಮಾತ್ರ. ದೊಡ್ಡಮ್ಮ ಲಿಸ್ಟಿನಲ್ಲಿಲ್ಲ" ಅಂತ. ನನಗೆ ಇರೋದೇ ದೊಡ್ಡಮ್ಮ ಅಂತ ಹೇಳಿದೆ. "ರೂಲು ರೂಲೇ" ಅಂದ್ರು. ಸೀರಿಯಸ್ ಅಂತ ಡಾಕ್ಟರ ಲೆಟರ್ ತರಬೇಕಂತೆ. ನೀನು ಡಾಕ್ಟರ ಹತ್ತಿರ ಹೋದರೆ ತಾನೇ ಲೆಟರ್!

ಒಂದು ಸಾಲು ಬರಿ. ಒಂದೇ ಒಂದು ಸಾಲು.


ಫೆಬ್ರವರಿ 17

ಗುಬ್ಬಿ,

ನಿನ್ನ ಎರಡೂ ಕಾಗದ ಬಂದವು. ಎಡಗೈಯಲ್ಲಿ ಬರೆಯಲು ಎರಡು ದಿನ ಹಿಡಿಯಿತು.

ಏಳು ಚೀಟಿ ನೀನು ಬರೆದದ್ದು ಅಂತ ನನಗೆ ಮಹಡಿ ಮಾವ ಓದಿದ ಕ್ಷಣವೇ ಗೊತ್ತಾಯಿತು. ನನ್ನ ಪಟ್ಟಿ ನನಗೆ ಬಾಯಿಪಾಠ. ಮನೆಗೆ ಹೋಗಿ ನಿನಗೆ ಬೆಂಕಿಯಂಥ ಕಾಗದ ಬರೆಯಬೇಕು, ದೇವರ ವಾಕ್ಯದ ಜೊತೆ ಆಟ ಆಡುವವಳಿಗೆ ಬುದ್ಧಿ ಕಲಿಸಬೇಕು ಅಂತ ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆ ನನ್ನ ಮುಂದೆ ಬಂತು. ಬಲಗೈಗೆ ಬಟ್ಟೆ ಸುತ್ತಿತ್ತು, ಆದರೂ ಬಲಗೈಯನ್ನೇ ಹಾಕಿದೆ. ತೆಗೆದೆ. ನೀನು ಹೇಳಿದ್ದೇ ಬಂತು. ಆಮೇಲೆ ನಿನ್ನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಕೇಳು.

ನಾನು ಎದುರು ಮಾತಾಡಲಿಲ್ಲ. ಆ ದಿನ ಕಮಿಟಿಯಲ್ಲಿ ಒಂಬತ್ತು ಜನ ಇದ್ದೆವು. ಮಹಡಿ ಮಾವ, "ಇವತ್ತು ಒಳಗೆ ಕೂರ್ತೀನಿ ಅಂತಾಳೆ, ನಾಳೆ ಇನ್ನೇನೋ ಕೇಳ್ತಾಳೆ. ಬೇರೆಯವರನ್ನ ಇಡೋಣ, ಒಪ್ಪಿದವರು ಕೈ ಎತ್ತಿ" ಅಂದರು. ಕಿವಿ ಮಂದ ಆದ್ದರಿಂದ ನನಗೆ ಅರ್ಧ ಕೇಳಿಸಲಿಲ್ಲ ಅಂತ ನಿನಗೆ ಹೇಳಬಹುದಿತ್ತು. ಆದರೆ ಕೇಳಿಸಿತ್ತು. ಪಕ್ಕದಲ್ಲಿ ಕೈಗಳು ಎದ್ದವು, ನನ್ನದೂ ಎದ್ದಿತು. ಸಭೆಯ ಪುಸ್ತಕಗಳ ಬೈಂಡಿಂಗ್ ಎಲ್ಲ ನನಗೇ ಬರುವುದು, ಯಾಕೆ ಸುಮ್ಮನೆ ಕೆಟ್ಟವಳಾಗಲಿ ಅಂದುಕೊಂಡೆ. ಅಷ್ಟೇ ಕಾರಣ. ಮಾರನೇ ದಿನ ರಟ್ಟು ಕತ್ತರಿಸುವಾಗ ಅದೇ ಕೈಗೆ ಬ್ಲೇಡ್ ತಾಗಿತು.

ಈಗ ಹೇಳು, ಅದು ನೀನು ಕಾಲು ಅಲ್ಲಾಡಿಸಿಕೊಂಡು ಬರೆದದ್ದೇ ಇರಬಹುದು. ನೂರನಲವತ್ತರಲ್ಲಿ ಅದೊಂದು ನನ್ನ ಕೈಗೇ ಯಾಕೆ ಬಂತು? ಮಹಡಿ ಮಾವ ನಕ್ಕರು, ಚಪ್ಪಲಿಯವರು ನಕ್ಕರು, ಯಾರಿಗೂ ತಟ್ಟಲಿಲ್ಲ ಅಂತ ನೀನೇ ತಲೆ ಚಚ್ಚಿಕೊಂಡೆಯಲ್ಲ. ಒಬ್ಬಳಿಗೆ ತಟ್ಟಿದೆ. ಖುಷಿ ಪಡು. ಮದ್ದಿಲ್ಲ ಅಂತ ಬಂದ ಮೇಲೆ ಮದ್ದಿಗೆ ಓಡುವುದು ಅವರ ಹಾಗೆ ನಕ್ಕಂತೆಯೇ.

ನನ್ನ ಚಿಂತೆ ಬಿಡು. ಪರೀಕ್ಷೆ ಹತ್ತಿರ ಬಂತು.

ದೊಡ್ಡಮ್ಮ


ಫೆಬ್ರವರಿ 21

ದೊಡ್ಡಮ್ಮ,

ಖುಷಿ ಪಡಬೇಕಾ ನಾನು?

ಮೊದಲು ಅತ್ತುಬಿಟ್ಟೆ. ನೀನು ಕೈ ಎತ್ತಿದ್ದಕ್ಕೆ ಒಂದು ಗಂಟೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದ್ರೆ, ನೀನು ಎದುರಿಗಿದ್ದಿದ್ದರೆ ಮಾತು ಬಿಡ್ತಿದ್ದೆ. ಆಮೇಲೆ ಆ ಸಿಟ್ಟು ಹೋಗಿ ಬೇರೆ ಸಿಟ್ಟು ಬಂತು. ಅದನ್ನ ಬರೀತೀನಿ.

ನಾನು ಎಂಟು ವರ್ಷದವಳಿದ್ದಾಗ ನಿನ್ನ ಹಾಡಿನ ಪುಸ್ತಕದಿಂದ ಒಂದು ಹಾಳೆ ಹರಿದು ದೋಣಿ ಮಾಡಿದ್ದೆ, ನೆನಪಿದೆಯಾ? ನೀನು ಬಯ್ಯಲಿಲ್ಲ. ಪುಸ್ತಕದ ಬೆನ್ನು ಬಿಡಿಸಿ ತೋರಿಸಿದೆ. "ನೋಡು, ಒಂದು ಹಾಳೆ ಅಂತ ಇರೋದೇ ಇಲ್ಲ. ದೊಡ್ಡ ಹಾಳೆ ಮಡಚಿ ನಡುವೆ ಹೊಲೀತೀವಿ. ನೀನು ಈಚೆ ಕಡೆ ಹರಿದರೆ ಆಚೆ ಕಡೆ ಅದರ ಜೋಡಿ ಸಡಿಲ ಆಗುತ್ತೆ. ಇವತ್ತಲ್ಲ ನಾಳೆ ಅದೂ ಉದುರುತ್ತೆ." ಇದು ನಿನ್ನ ಮಾತು.

ಆ ಅಧ್ಯಾಯ ತೆಗಿ. ಅಳುವ ಪ್ರವಾದಿ, ಮೂವತ್ತನೇ ಅಧ್ಯಾಯ. ಹನ್ನೆರಡನೇ ವಚನ ನಾನು ಹರಿದೆ. ನಿನ್ನ ಗಾಯಕ್ಕೆ ಮದ್ದಿಲ್ಲ. ಐದೇ ಸಾಲು ಕೆಳಗೆ, ಹದಿನೇಳನೇ ವಚನ, ಮೂವತ್ತು ವರ್ಷದಿಂದ ನೀನು ಹರೀತಾ ಇದ್ದೀಯ. ನಿನ್ನ ಗಾಯ ನಾನೇ ಮಾಯಿಸುವೆ. ಪಟ್ಟಿಯಲ್ಲಿ ನಲವತ್ತಮೂರನೇದು! ಅದನ್ನ ತೆಗೆದೇ ನಾನು ಇದನ್ನ ಹಾಕಿದ್ದು. ಇಬ್ಬರೂ ಒಂದೇ ಹಾಳೆ ಹರಿದಿದ್ದೀವಿ, ನೀನು ಆಚೆಯಿಂದ, ನಾನು ಈಚೆಯಿಂದ. ನಾನೇನೋ ನಿನಗಿಂತ ದೊಡ್ಡ ಭಕ್ತೆ ಅಂತ ಹಾರಾಡಿದೆ. ಮಾಡಿದ್ದು ನಿನ್ನ ಕೆಲಸವನ್ನೇ, ಬೇರೆ ಸಾಲಿಗೆ.

ಇನ್ನೊಂದು ಇದೆ. ಹದಿನೇಳನೇ ವಚನ ನೀನು ಯಾವತ್ತೂ ಚೀಟಿಗೆ ಪೂರ್ತಿ ಬರೆದಿಲ್ಲ. ಚೀಟಿಯಲ್ಲಿ ಜಾಗ ಸಾಲಲ್ಲ ಅಂತ ಅರ್ಧಕ್ಕೆ ನಿಲ್ಲಿಸಿದ್ದೀಯ. ಉಳಿದ ಅರ್ಧದಲ್ಲಿ ಏನಿದೆ ಗೊತ್ತಾ? ಯಾಕೆ ಮಾಯಿಸ್ತೀನಿ ಅಂತ ದೇವರು ಹೇಳ್ತಾನೆ. ಆಚೆ ತಳ್ಳಿದವಳು, ಯಾರೂ ವಿಚಾರಿಸದವಳು ಅಂತ ಜನ ನಿನಗೆ ಹೆಸರಿಟ್ಟರಲ್ಲ, ಅದಕ್ಕೇ. ಆಚೆ ತಳ್ಳಿದವಳು ಯಾರು ದೊಡ್ಡಮ್ಮ? ನೀನಾ?

ನಿನ್ನ ಬೆರಳು ಕೊಳೆತರೆ ಗೇಟಕ್ಕನಿಗೆ ಏನು ಸಿಕ್ತು? ಅವರಿಗೆ ಕೆಲಸ ವಾಪಸ್ ಬಂತಾ? ಬೆಂಚಿನಲ್ಲಿ ಜಾಗ ಬಂತಾ? ಅವರ ಮನೆ ನಿನ್ನ ಮನೆಯಿಂದ ಎರಡು ಬೀದಿ. ಈ ಎರಡು ತಿಂಗಳಲ್ಲಿ ಒಂದು ಸಲ ಹೋದೆಯಾ? ಇಲ್ಲ. ಮಷಿನ್ ಪಕ್ಕ ಟವೆಲ್ ಸುತ್ತಿಕೊಂಡು ಕೂತು ಶಿಕ್ಷೆ ಅನುಭವಿಸ್ತಾ ಇದ್ದೀಯ. ಮಹಡಿ ಮಾವ ನಕ್ಕು ತಪ್ಪಿಸಿಕೊಂಡರು, ನೀನು ನರಳಿ ತಪ್ಪಿಸಿಕೊಳ್ತಿದ್ದೀಯ. ವ್ಯತ್ಯಾಸ ಏನು? ಎರಡರಲ್ಲೂ ಗೇಟಕ್ಕ ಗೇಟಿನಾಚೆಯೇ.

ಇದು ಜಾಸ್ತಿ ಆಯ್ತು ಅಂತ ಗೊತ್ತು. ನಾಡಿ ನೂರಾ ಇಪ್ಪತ್ತು. ಆದರೂ ಬರೆದದ್ದನ್ನ ಹೊಡೆದು ಹಾಕಲ್ಲ. ಆ ಬಡಗಿಯ ಹೆಬ್ಬೆರಳು ಹೋಯ್ತು, ಈಗ ಪಾದದ ಮಾತಾಡ್ತಿದ್ದಾರೆ. ನಿನಗೆ ಒಂದು ಕೈ ಇದ್ದರೆ ಹೊಲಿಯೋಕಾಗುತ್ತಾ? ನನಗೆ ಇನ್ನೊಬ್ಬ ದೊಡ್ಡಮ್ಮ ಎಲ್ಲಿ ಸಿಗ್ತಾಳೆ? ಅಮ್ಮ ಹೋದಾಗ ನನ್ನನ್ನ ಯಾರೂ ಕೇಳಲಿಲ್ಲ. ಈಗ ನಾನು ಕೇಳ್ತಿದ್ದೀನಿ. ಹೋಗು.

ಗುಬ್ಬಿ


ಮಾರ್ಚ್ 16

ಗುಬ್ಬಿ,

ದೇವರ ದಯೆಯಿಂದ ಒಂಬತ್ತು ಬೆರಳು ಸುಖ.

ಸುದ್ದಿ ಮೊದಲು ಹೇಳಿಬಿಟ್ಟೆ, ನಿನ್ನ ನಾಡಿ ಏರಬಾರದು ಅಂತ. ಬಲಗೈ ತೋರುಬೆರಳು, ಎರಡು ಗೆಣ್ಣು ತೆಗೆದರು. ಒಂದು ವಾರ ತಡವಾಗಿದ್ದರೆ ಅಂಗೈ ಅಂತಿದ್ದೆವು ಅಂದರು ಡಾಕ್ಟರ್. ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ನಿನಗೆ ತಿಳಿಸಬೇಡಿ ಅಂತ ನಾನೇ ಹೇಳಿದ್ದೆ. ಅಲ್ಲಿಯ ಹಾಸಿಗೆಯ ಮೂಲೆಗಳೂ ಮೂಟೆಯ ಹಾಗೇ ಇದ್ದವು, ನೀನು ಧೈರ್ಯವಾಗಿರು.

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಜೊತೆ ಮನಸ್ಸಿನಲ್ಲೇ ಜಗಳ ಆಡಿದೆ. ಹೆತ್ತವರಿಗೂ ಯಾರೂ ಹೀಗೆ ಬರೆಯುವುದಿಲ್ಲ. ಮೂರನೇ ದಿನ ಗೇಟಕ್ಕನ ಮನೆಗೆ ಹೋದೆ, ಆಸ್ಪತ್ರೆಗಲ್ಲ. ನನಗೆ ಅದೇ ಮೊದಲಾಗಬೇಕು ಅನ್ನಿಸಿತು. ಲಾಂಡ್ರಿಯ ಹಿಂದಿನ ಮೆಟ್ಟಿಲು, ಎರಡನೇ ಬಾಗಿಲು. ಹನ್ನೆರಡು ವರ್ಷದಲ್ಲಿ ಆ ಮೆಟ್ಟಿಲು ನಾನು ಹತ್ತಿದ್ದು ಅವತ್ತೇ. ಈಗ ಅವಳು ಯಾವುದೋ ಆಫೀಸಿನ ಮೆಟ್ಟಿಲು ಒರೆಸುತ್ತಾಳೆ. ಆಗಷ್ಟೇ ಬಂದಿದ್ದಳು, ಸೆರಗಿನ ತುದಿ ಇನ್ನೂ ಒದ್ದೆ.

ಬಾಗಿಲಲ್ಲೇ ಹೇಳಿಬಿಟ್ಟೆ. "ಆ ದಿನ ನಾನೂ ಕೈ ಎತ್ತಿದೆ. ತಪ್ಪಾಯ್ತು."

"ಗೊತ್ತು" ಅಂದಳು. "ಹೊರಗಿಂದ ಕಿಟಕಿ ಒರೆಸ್ತಿದ್ನಲ್ಲ. ಒಂಬತ್ತು ಕೈ ಎಣಿಸಿದೆ. ಎಂಟು ಬೇಗ ಎದ್ದವು, ನಿಮ್ಮದು ನಿಧಾನಕ್ಕೆ. ನಿಧಾನಕ್ಕೆ ಎದ್ದರೂ ಎದ್ದ ಹಾಗೇ ಅಲ್ವಾ ಅಕ್ಕ?"

ಅಷ್ಟರಲ್ಲಿ ಅವಳು ಮೂಗು ಸುಕ್ಕಿಸಿ, "ಅದೇನು ಟವೆಲ್ಲು? ಬಿಚ್ಚಿ" ಅಂದಳು. ಬಿಚ್ಚಿದೆ.

"ಅಯ್ಯಯ್ಯೋ! ಇದೇನಕ್ಕ, ಕೈಯಾ ಇದು? ನಡೀರಿ, ನಡೀರಿ ಆಸ್ಪತ್ರೆಗೆ."

"ಇದು ದೇವರು ಕೊಟ್ಟ ಶಿಕ್ಷೆ" ಅಂದೆ.

"ಶಿಕ್ಷೆ ಕೊಡಬೇಕು ಅಂದ್ರೆ ದೇವರಿಗೆ ಮೂರು ಮಹಡಿ ಮನೆ ಕಾಣಿಸ್ಲಿಲ್ವಾ, ನಿಮ್ಮ ಒಂದು ಬೆರಳೇ ಕಾಣಿಸ್ತಾ? ಆತನಿಗೇನು ಕಣ್ಣು ಮಂಜಾ?" ಅಂತ ಬಾಗಿಲಿಗೆ ಬೀಗ ಹಾಕಿಯೇಬಿಟ್ಟಳು.

ಬಸ್ಸಿನಲ್ಲಿ ಕೇಳಿದೆ, "ಹಾಗಾದ್ರೆ ಕ್ಷಮಿಸಿದೆಯಾ?" ಅಂತ.

"ಇನ್ನೂ ಇಲ್ಲ" ಅಂದಳು. "ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬೇರೆ, ಅದು ಬೇರೆ. ಟಿಕೆಟ್ ಎಲ್ಲಿ ಇಟ್ಕೊಂಡ್ರಿ?"

ಹತ್ತು ದಿನವೂ ಸಂಜೆ ಬಂದಳು. ಸಭೆಯಿಂದ ಹಾಡಿಸುವ ಮೇಷ್ಟ್ರು ಒಂದು ಸಲ ಬಂದು ಉದ್ದ ಪ್ರಾರ್ಥನೆ ಮಾಡಿ ಹೋದರು.

ಮನೆಗೆ ಬಂದ ಮೇಲೆ ಕಮಿಟಿಗೆ ಹೋದೆ. ಕಟ್ಟು ಹಾಕಿದ ಕೈ ಎತ್ತಿ, ನಾವು ಮಾಡಿದ್ದು ಅನ್ಯಾಯ, ಅವಳನ್ನು ಕರೆಯೋಣ, ತಿಂಗಳಿಗೊಂದಲ್ಲ, ಪ್ರತಿ ಭಾನುವಾರ ಒಳಗೆ ಕೂರಲಿ, ಗೇಟಿಗೆ ನಾವೇ ಸರದಿ ಹಾಕಿಕೊಳ್ಳೋಣ ಅಂದೆ. ನಿನ್ನ ಏಳು ವಚನವನ್ನೂ ಓದಿದೆ, ಹಿಂದೆ ಮುಂದೆ ಸೇರಿಸಿ, ಪೂರ್ತಿ. ಅರ್ಧ ಗಂಟೆ ಹಿಡಿಯಿತು. ಒಬ್ಬರೂ ನಗಲಿಲ್ಲ. ಮಹಡಿ ಮಾವ, "ಒಳ್ಳೆ ಮಾತು. ಮುಂದಿನ ಮೀಟಿಂಗಿಗೆ ಇಡೋಣ" ಅಂದರು. ಇಷ್ಟೇ ಆದದ್ದು. ನಿನಗೆ ಹೊಟ್ಟೆ ಉರಿಯುತ್ತದೆ ಅಂತ ಗೊತ್ತು, ನನಗೂ ಉರಿಯಿತು.

ಗೇಟಿಗೆ ಹೊಸದಾಗಿ ಇಟ್ಟವನು ಎರಡೇ ವಾರಕ್ಕೆ ಬಿಟ್ಟು ಹೋಗಿದ್ದ. ಮುಂದಿನ ಮೀಟಿಂಗ್ ಯಾವಾಗ ಆಗುತ್ತದೋ ಆಗಲಿ ಅಂತ ಮೊನ್ನೆ ಭಾನುವಾರ ನಾನೇ ಹೋಗಿ ಗೇಟಿನಲ್ಲಿ ನಿಂತೆ. ಗೇಟಕ್ಕನಿಗೆ, "ನೀನು ಒಳಗೆ ಹೋಗು, ನನ್ನ ಜಾಗ ಇದೆಯಲ್ಲ, ಮೂರನೇ ಬೆಂಚು, ಕಿಟಕಿ ಪಕ್ಕ" ಅಂದೆ. ಹೋಗಲೋ ಬೇಡವೋ ಅಂತ ನಿಂತಿದ್ದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಹೋದಳು. ಮಹಡಿ ಮಾವ ಕಾರಿನಿಂದ ಇಳಿದು ನನ್ನನ್ನೂ ನನ್ನ ಕೈಯನ್ನೂ ನೋಡಿದರು. "ಆ ಮರದ ಕೆಳಗೆ ನಿಲ್ಲಿಸಿ, ನೆರಳಿದೆ" ಅಂದೆ.

ಗುಬ್ಬಿ, ಗೇಟಿನಿಂದ ಏನೂ ಕೇಳಿಸುವುದಿಲ್ಲ. ನನ್ನ ಕಿವಿಯಿಂದ ಅಂತಲ್ಲ. ಪಕ್ಕದಲ್ಲಿ ಕಾರು ಕಾಯುತ್ತಿದ್ದ ಡ್ರೈವರನನ್ನು ಕೇಳಿದೆ, ಅವನಿಗೂ ಕೇಳಿಸುವುದಿಲ್ಲವಂತೆ. ಕೀಬೋರ್ಡಿನ ದುಂ ದುಂ ಮಾತ್ರ ನೆಲದಿಂದ ಕಾಲಿಗೆ ಬರುತ್ತದೆ. ಹನ್ನೆರಡು ವರ್ಷ ಅವಳು ಅಷ್ಟೇ ಕೇಳಿದ್ದಾಳೆ. ಎರಡು ಗಂಟೆ ನಿಂತೆ, ಮಂಡಿ ನೋಯಿತು.

ನಿನಗೆ ಬಯ್ಯುವುದು ಬಾಕಿ ಇದೆ. ರಜೆಗೆ ಬಾ. ಮುಂದಿನ ವರ್ಷದ ಚೀಟಿಗೆ ದೊಡ್ಡ ಕಾಗದ ಕತ್ತರಿಸಿದ್ದೇನೆ, ಪೂರ್ತಿ ಅಧ್ಯಾಯ ಹಿಡಿಸುವಷ್ಟು. ನೂರನಲವತ್ತು. ಬರೆಯುವವಳು ನೀನೇ, ನನ್ನ ಬೆರಳಿಲ್ಲ.

ಆರಾಧನೆ ಮುಗಿದು ಗೇಟಕ್ಕ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ನಾನು ಆಸೆಯಿಂದ ಕೇಳಿದೆ, "ಹೇಗಿತ್ತು ಪ್ರಸಂಗ?"

ಅವಳು ಗೇಟಿನ ಚಿಲಕ ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಾಕಿದಳು.

"ನಿದ್ದೆ ಬಂತಕ್ಕ" ಅಂದಳು. "ಹನ್ನೆರಡು ವರ್ಷ ಇದಕ್ಕಾ ನಾನು ಆಸೆ ಪಟ್ಟದ್ದು ಅನ್ನಿಸ್ತು." ಎರಡು ಹೆಜ್ಜೆ ಹೋಗಿ ತಿರುಗಿದಳು. "ಮುಂದಿನ ವಾರವೂ ಬರ್ತೀನಿ. ಜಾಗ ಹಿಡಿದಿಡಿ."

ದೊಡ್ಡಮ್ಮ